ನೌಕರಿ ಮತ್ತು ನಾಲ್ಕು ಸಾಲಿನ ಪೋಸ್ಟು

(ವಿರೂಪಾಕ್ಷಿಪುರದಲ್ಲಿ ನಡೆದ ಸಂಘದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ನೌಕರಿ ಪಡೆಯುವುದು ಹೇಗೆ ಎಂಬ ವಿಷಯದ ಮೇಲೆ ಯಾರಾದರೂ ಮಾತನಾಡುವುದು ವಾಡಿಕೆ. ನಾನು ಇಂದು ಸಿಕ್ಕಿದ ನೌಕರಿ ಹೋಗುವುದು ಹೇಗೆ ಎಂಬುದರ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಕೆಲಸ ಬಾರದೆ ನೌಕರಿ ಹೋದರೆ ಅದು ಎಲ್ಲರಿಗೂ ಅರ್ಥವಾಗುತ್ತದೆ. ಕಳ್ಳತನ ಮಾಡಿ ಹೋದರೂ ಅರ್ಥವಾಗುತ್ತದೆ. ಆದರೆ ಕೆಲಸ ಮುಗಿಸಿ ಮನೆಗೆ ಬಂದು, ಊಟ ಮಾಡಿ, ಹಾಸಿಗೆಯ ಮೇಲೆ ಒರಗಿಕೊಂಡು, ಸ್ವಂತ ಮೊಬೈಲಿನಲ್ಲಿ ಬರೆದ ನಾಲ್ಕು ಸಾಲಿನಿಂದ ನೌಕರಿ ಹೋಗುತ್ತದೆ ಎಂದರೆ ನಮ್ಮ ಹಿರಿಯರಿಗೆ ನಂಬಿಕೆಯೇ ಬರುವುದಿಲ್ಲ.

ಅವರ ಕಾಲ ಬೇರೆ. ಚನ್ನಪಟ್ಟಣ, ರಾಮನಗರದ ನಮ್ಮ ಮನೆಗಳಲ್ಲಿ ಹಿಂದಿನ ತಲೆಮಾರಿನ ಹೆಚ್ಚಿನವರಿಗೆ ನೇಮಕಾತಿ ಪತ್ರ ಎಂಬ ಕಾಗದವೇ ಇರಲಿಲ್ಲ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದವರು, ಬೊಂಬೆಗೆ ಅರಗಿನ ಬಣ್ಣ ಹಾಕಿದವರು, ಸಂತೆಯಲ್ಲಿ ಅಂಗಡಿ ಹಾಕಿದವರು ಒಂದು ಒರಟು ಮಾತಾಡಿದರೆ ಆ ದಿನದ ಗಿರಾಕಿ ಮುನಿಸಿಕೊಂಡು ಹೋಗುತ್ತಿದ್ದ, ವಾರ ಬಿಟ್ಟು ಮತ್ತೆ ಬರುತ್ತಿದ್ದ. ಈಗ ನೀವು ಬಿಡದಿಯ ಕಾರ್ಖಾನೆಗಳಿಗೆ, ಬೆಂಗಳೂರಿನ ಕಂಪನಿಗಳಿಗೆ, ದುಬೈ, ದಮಾಮ್‌ಗಳಿಗೆ ಹೋಗುತ್ತಿದ್ದೀರಿ. ಮನೆಯಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ಕಾಣುವವರು ನಿಮ್ಮಲ್ಲಿ ಎಷ್ಟೋ ಜನ. ಆ ಸಂಬಳದ ಮೇಲೆ ತಂಗಿಯ ಕಾಲೇಜು ಫೀಜು ನಿಂತಿದೆ, ಅಬ್ಬಾನ ಔಷಧಿ ನಿಂತಿದೆ. ಆದ್ದರಿಂದ ಈ ವಿಷಯ ನಿಮಗೆ ದೊಡ್ಡದು.

ನಡೆದ ಸಂಗತಿಗಳನ್ನೇ ಹೇಳುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಅವರಿಗೂ ಮನೆ ಇದೆ, ಮಕ್ಕಳಿದ್ದಾರೆ.

2020ರ ಮಾರ್ಚ್ ತಿಂಗಳು. 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಜನ ಬಾಗಿಲು ಹಾಕಿಕೊಂಡು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದರು. ಬೆಂಗಳೂರಿನ ಇನ್ಫೋಸಿಸ್ ಕಂಪನಿಯ ಒಬ್ಬ ತಂತ್ರಜ್ಞ ಫೇಸ್‌ಬುಕ್‌ನಲ್ಲಿ, ಎಲ್ಲರೂ ಹೊರಗೆ ಬಂದು ಜನರ ನಡುವೆ ಬಾಯಿ ತೆರೆದು ಸೀನಿ ವೈರಸ್ ಹರಡಿ ಎಂಬ ಅರ್ಥದ ಮಾತು ಬರೆದ. 27ರಂದು ಬೆಂಗಳೂರಿನ ಸಿಸಿಬಿ ಪೊಲೀಸರು ಅವನನ್ನು ಬಂಧಿಸಿದರು. ಕಂಪನಿಯೂ ವಿಚಾರಣೆ ನಡೆಸಿತು. ಬರೆದವನು ಬೇರೆ ಯಾರೋ ಇರಬಹುದೇ ಎಂಬ ಅನುಮಾನವನ್ನು ಪರೀಕ್ಷಿಸಿ, ಹಾಗಲ್ಲ ಎಂದು ಖಚಿತವಾದ ಮೇಲೆ, ಇದು ನಮ್ಮ ನೀತಿ ಸಂಹಿತೆಗೆ ವಿರುದ್ಧ ಎಂದು ಸಾರ್ವಜನಿಕವಾಗಿ ಪ್ರಕಟಿಸಿ ಕೆಲಸದಿಂದ ತೆಗೆದುಹಾಕಿತು.

ಆತ ನಮ್ಮ ಸಮುದಾಯದವನು. ತಮಾಷೆಗೆ ಬರೆದನೋ, ಸಿಟ್ಟಿಗೆ ಬರೆದನೋ ನಾನರಿಯೆ. ಆದರೆ ಆ ಶಿಕ್ಷೆಯನ್ನು ನಾನು ಅನ್ಯಾಯ ಎನ್ನುವುದಿಲ್ಲ. ರೋಗ ಹರಡಿರಿ ಎಂಬುದು ಅಭಿಪ್ರಾಯವಲ್ಲ. ಪಕ್ಕದ ಮನೆಯ ಮುದುಕಿಯ ಸಾವಿಗೆ ಕೊಟ್ಟ ಕರೆ ಅದು. ಅವನ ಜೊತೆ ಕೆಲಸ ಮಾಡುವವರು ನಾಳೆ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಹೇಗೆ?

ಆ ಮಾತಿನ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ. ಕೆಲವೇ ದಿನಗಳಲ್ಲಿ ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನ ಸುದ್ದಿ ಬಂತು. ಇಡೀ ಸಮುದಾಯವೇ ರೋಗ ಹಂಚುತ್ತಿದೆ ಎಂಬ ಪ್ರಚಾರ ಶುರುವಾಯಿತು. ತರಕಾರಿ ಗಾಡಿ ತಳ್ಳುವ ಬಡವರನ್ನು ಹೆಸರು ಕೇಳಿ ಬೀದಿಯಿಂದ ಓಡಿಸಿದ ಪ್ರಸಂಗಗಳು ದೇಶದ ಹಲವು ಕಡೆ ನಡೆದವು. ಏಪ್ರಿಲ್ ಮೊದಲ ವಾರದಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು, ಎಲ್ಲೋ ನಡೆದ ಒಂದು ಘಟನೆಗಾಗಿ ಇಡೀ ಮುಸ್ಲಿಂ ಸಮುದಾಯವನ್ನು ದೂಷಿಸುವವರ ಮೇಲೆ ಕ್ರಮ ಕೈಗೊಳ್ಳುತ್ತೇನೆ ಎಂದು ಎಚ್ಚರಿಕೆ ಕೊಡಬೇಕಾಯಿತು. ಆ ಮಾತನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಗಾಡಿ ತಳ್ಳುವವನಿಗೆ ಫೇಸ್‌ಬುಕ್ ಖಾತೆಯೇ ಇರಲಿಲ್ಲ ಎಂಬುದನ್ನೂ ನೆನೆಯಬೇಕು.

ಈಗ ಅದೇ ಏಪ್ರಿಲ್ ತಿಂಗಳಲ್ಲಿ ಸಮುದ್ರದ ಆಚೆ ನಡೆದದ್ದನ್ನು ನೋಡಿ. ಯು.ಎ.ಇ.ಯಲ್ಲಿ ದುಡಿಯುತ್ತಿದ್ದ ನಮ್ಮ ದೇಶದ ಕೆಲವರು ಮುಸ್ಲಿಮರನ್ನು, ಇಸ್ಲಾಮನ್ನು ಹೀಯಾಳಿಸಿ ಬರೆದರು. ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡರು. ಅಲ್ಲಿ 2015ರಲ್ಲೇ ತಾರತಮ್ಯ ಮತ್ತು ದ್ವೇಷದ ವಿರುದ್ಧ ಕಠಿಣ ಕಾನೂನು ಬಂದಿತ್ತು. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂತು. ಆಗಿನ ಭಾರತದ ರಾಯಭಾರಿ ಪವನ್ ಕಪೂರ್ ಅವರು 2020ರ ಏಪ್ರಿಲ್ 20ರಂದು, ಯಾವ ಆಧಾರದ ಮೇಲೂ ತಾರತಮ್ಯ ಮಾಡಬಾರದೆಂಬುದು ಎರಡೂ ದೇಶಗಳ ಮೌಲ್ಯ, ಇದನ್ನು ಭಾರತೀಯರು ನೆನಪಿಡಬೇಕು ಎಂದು ಬಹಿರಂಗವಾಗಿ ಹೇಳಿದರು.

ಆ ದಿನಗಳಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತು. ಯಾರದೋ ಫೋಟೋ, ಯಾರದೋ ಕಂಪನಿಯ ಹೆಸರು, ಕೆಳಗೆ ಒಂದು ಸಂತೋಷದ ಚಿತ್ರ. ಇನ್ಫೋಸಿಸ್‌ನವನ ನೌಕರಿ ಹೋದಾಗ ಬಾಯಿ ಮುಚ್ಚಿದ್ದ ಗುಂಪುಗಳಿಗೆ ದುಬೈಯವನ ನೌಕರಿ ಹೋದಾಗ ಹಬ್ಬ. ಇನ್ನೊಂದು ಕಡೆಯ ಗುಂಪುಗಳಲ್ಲಿ ಇದರ ತಿರುವುಮುರುವು. ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಒಂದು ತಕ್ಕಡಿ, ಮಾರುವಾಗ ಇನ್ನೊಂದು ತಕ್ಕಡಿ ಇಟ್ಟುಕೊಂಡವನನ್ನು ನಾವು ಏನೆನ್ನುತ್ತೇವೆ? ನಾನು ಇಂದು ಕೇಳಬೇಕೆಂದಿರುವ ಪ್ರಶ್ನೆ ಇದೇ. ಬರೆದವನ ಹೆಸರು ನೋಡದೆ ಬರೆದದ್ದನ್ನು ತೂಗಲು ನಮಗೆ ಆಗುತ್ತದೆಯೇ?

ಇದನ್ನು ಸುಮ್ಮನೆ ಕೇಳುತ್ತಿಲ್ಲ. ಒಂದೇ ತಕ್ಕಡಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರಾವಳಿಯ ಒಂದು ಕತೆ ಇದೆ. ಕತೆ ಎನ್ನುತ್ತೇನೆ, ಆದರೆ ಪತ್ರಿಕೆಗಳಲ್ಲಿ ಬಂದ ಸತ್ಯ ಸಂಗತಿ.

2019ರ ಡಿಸೆಂಬರ್. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಡೆಯುತ್ತಿದ್ದವು. 19ರಂದು ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ತೀರಿಕೊಂಡರು. ಎಲ್ಲರ ಮನಸ್ಸೂ ಕುದಿಯುತ್ತಿತ್ತು. ಕುಂದಾಪುರ ಕಡೆಯ ಒಬ್ಬ ಹಿಂದೂ ಸಹೋದರ ಸೌದಿ ಅರೇಬಿಯಾದ ದಮಾಮ್‌ನಲ್ಲಿ ಏ.ಸಿ. ಕೆಲಸದಲ್ಲಿದ್ದ. ಆ ದಿನಗಳಲ್ಲಿ ಆತ ಫೇಸ್‌ಬುಕ್‌ನಲ್ಲಿ ಒಂದು ವಿಡಿಯೊ ಹಂಚಿಕೊಂಡ. ಅದಕ್ಕೆ ಆಕ್ಷೇಪ ಬಂತು. ಆತ ಕ್ಷಮೆ ಕೇಳಿ, ಖಾತೆಯನ್ನೂ ಮುಚ್ಚಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ಹೊತ್ತಿಗೆ ಅವನ ಹೆಸರು, ಅವನ ಫೋಟೋ ಇಟ್ಟುಕೊಂಡು ಯಾರೋ ಇನ್ನೊಂದು ಖಾತೆ ತೆರೆದರು. ಅದರಲ್ಲಿ ಮಕ್ಕಾದ ಬಗ್ಗೆ, ಸೌದಿಯ ಯುವರಾಜರ ಬಗ್ಗೆ ಅಸಹ್ಯವಾಗಿ ಬರೆದರು. ನೌಕರಿ ಹೋಯಿತು, ಪೊಲೀಸರು ಹಿಡಿದುಕೊಂಡು ಹೋದರು.

ಊರಿನಲ್ಲಿದ್ದ ಅವನ ಹೆಂಡತಿ ಉಡುಪಿಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಟ್ಟರು. ಪೊಲೀಸರು ತಾಳ್ಮೆಯಿಂದ ಜಾಡು ಹಿಡಿದರು. 2020ರ ಅಕ್ಟೋಬರ್‌ನಲ್ಲಿ, ನಕಲಿ ಖಾತೆ ತೆರೆದದ್ದು ದಕ್ಷಿಣ ಕನ್ನಡ ಜಿಲ್ಲೆಯಿಂದ ಎಂದು ಪತ್ತೆಹಚ್ಚಿ ಇಬ್ಬರನ್ನು ಬಂಧಿಸಿದರು. ಆ ಇಬ್ಬರೂ ನಮ್ಮ ಸಮುದಾಯದವರು. ನ್ಯಾಯಾಲಯ ತೀರ್ಪು ಕೊಡುವ ಮುನ್ನ ಯಾರನ್ನೂ ಅಪರಾಧಿ ಎನ್ನಬಾರದು, ನಾನೂ ಎನ್ನುವುದಿಲ್ಲ. ಆದರೆ ಪೊಲೀಸರು ಹೇಳಿದ್ದನ್ನು ಈ ಸಭೆಯಲ್ಲಿ ಮುಚ್ಚಿಡುವುದೂ ಇಲ್ಲ. ಆ ಮನುಷ್ಯ ಸೌದಿ ಜೈಲಿನಿಂದ ಬಿಡುಗಡೆಯಾಗಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದದ್ದು 2021ರ ಆಗಸ್ಟ್ 18ರಂದು. ಹತ್ತಿರ ಹತ್ತಿರ ಇಪ್ಪತ್ತು ತಿಂಗಳು. ಮಾಡದ ತಪ್ಪಿಗೆ.

ಒಂದು ಕ್ಷಣ ಯೋಚಿಸಿ. ಮಕ್ಕಾದ ಮೇಲೆ ಪ್ರೀತಿ ಇರುವವನು, ಇನ್ನೊಬ್ಬನನ್ನು ಸಿಕ್ಕಿಸುವುದಕ್ಕಾಗಿ ಮಕ್ಕಾವನ್ನು ಬೈಯುವ ಮಾತನ್ನು ತನ್ನ ಕೈಯಾರೆ ಬರೆಯುತ್ತಾನೆಯೇ? ಹೀಗೆ ಬರೆದವರು ಯಾರೇ ಇರಲಿ, ಅವರಿಗೆ ಧರ್ಮದ ಅಭಿಮಾನ ಇತ್ತು ಎಂದು ದಯವಿಟ್ಟು ಯಾರೂ ಹೇಳಬೇಡಿ.

ಮಂಗಳೂರಿನ ಇನ್ನೊಬ್ಬರ ಪ್ರಕರಣವೂ ಇದೇ ಜಾತಿಯದು. 25 ವರ್ಷ ಸೌದಿಯಲ್ಲಿ ದುಡಿದವರು. ಅದೇ ಕಾಯ್ದೆಯ ಪರವಾಗಿ ಬರೆದಿದ್ದರು. ಬೆದರಿಕೆ ಕರೆ ಬಂದಾಗ ಖಾತೆಯನ್ನು ಅಳಿಸಿದರು. ಆಮೇಲೆ ಅವರ ಹೆಸರಿನ ನಕಲಿ ಖಾತೆಯಲ್ಲಿ ದೊರೆಯ ವಿರುದ್ಧ, ಇಸ್ಲಾಮಿನ ವಿರುದ್ಧ ಬರಹ ಬಂತು ಎಂಬುದು ಕುಟುಂಬದವರ ದೂರು. ಅಲ್ಲಿನ ನ್ಯಾಯಾಲಯ 15 ವರ್ಷ ಶಿಕ್ಷೆ ವಿಧಿಸಿತು. ಅವರ ಹೆಂಡತಿ ನಮ್ಮ ಹೈಕೋರ್ಟಿನ ಬಾಗಿಲು ತಟ್ಟಿದರು. ಪೊಲೀಸ್ ತನಿಖೆಗೆ ಫೇಸ್‌ಬುಕ್ ಸಹಕರಿಸುತ್ತಿಲ್ಲ ಎಂದು ಕಂಡ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 2023ರ ಜೂನ್‌ನಲ್ಲಿ, ಹೀಗಾದರೆ ಫೇಸ್‌ಬುಕ್ಕನ್ನೇ ಭಾರತದಲ್ಲಿ ಮುಚ್ಚಿಸುವ ಆದೇಶದ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಗುಡುಗಿದರು.

ಕೊಲ್ಲಿಗೆ ಹೋಗುವವರು ಈ ಎರಡು ಪ್ರಕರಣಗಳಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಬ್ಬರೂ ಹೆದರಿ ತಮ್ಮ ನಿಜವಾದ ಖಾತೆಯನ್ನು ಮುಚ್ಚಿದರು. ಹೆದರಿದವರು ಹಾಗೆ ಮಾಡುವುದು ಸಹಜ. ಆದರೆ ಅಸಲಿ ಖಾತೆ ಹೋದ ಮೇಲೆ ಜಗತ್ತಿಗೆ ಕಾಣುವುದು ನಕಲಿ ಒಂದೇ. ನಾನಲ್ಲ ಎಂದು ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೆದರಿಕೆ ಬಂದರೆ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ತಾರೀಖು ಸಮೇತ ಊರಿನಲ್ಲಿರುವ ಯಾರಿಗಾದರೂ ಕಳಿಸಿ. ಕೆಲಸ ಕೊಟ್ಟವರಿಗೆ ಬರವಣಿಗೆಯಲ್ಲಿ ತಿಳಿಸಿ. ನಮ್ಮ ರಾಯಭಾರ ಕಚೇರಿಗೂ ತಿಳಿಸಿ. ಇಲ್ಲಿ ಮನೆಯವರು ಸೆನ್ ಠಾಣೆಗೆ ದೂರು ಕೊಡಲಿ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಇದೆ. ಕುಂದಾಪುರದವನನ್ನು ಊರಿಗೆ ಕರೆತರುವುದರಲ್ಲಿ ಉಡುಪಿಯಲ್ಲಿ ಹೆಂಡತಿ ಕೊಟ್ಟ ಆ ದೂರಿಗೆ ದೊಡ್ಡ ಪಾತ್ರವಿತ್ತು.

ಇಲ್ಲಿಯವರೆಗೆ ಬರೆದವರ ವಿಷಯ. ಈಗ ಬರೆಯದೆಯೂ ನೌಕರಿ ಕಳೆದುಕೊಂಡವರ ವಿಷಯ ಕೇಳಿ. ಶಿಕ್ಷಕಿಯಾಗಬೇಕೆಂದಿರುವ ಹೆಣ್ಣುಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು.

ಮುಂಬಯಿಯ ವಿದ್ಯಾವಿಹಾರದ ಸೋಮಯ್ಯ ಶಾಲೆಯಲ್ಲಿ ಒಬ್ಬ ಮುಸ್ಲಿಂ ಮಹಿಳೆ 12 ವರ್ಷ ಕೆಲಸ ಮಾಡಿದ್ದರು. ಅದರಲ್ಲಿ ಏಳು ವರ್ಷ ಪ್ರಾಂಶುಪಾಲೆ. ಗಾಜಾ ಯುದ್ಧದ ಬಗ್ಗೆ ಇತರರು ಎಕ್ಸ್ ತಾಣದಲ್ಲಿ ಹಾಕಿದ ಕೆಲವು ಪೋಸ್ಟ್‌ಗಳಿಗೆ ಅವರು ತಮ್ಮ ಸ್ವಂತ ಖಾತೆಯಿಂದ ಲೈಕ್ ಒತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಒಂದು ಜಾಲತಾಣ ಅದನ್ನು ಹುಡುಕಿ ತೆಗೆದು ಬರೆಯಿತು. ಮೇ 7ರಂದು ಆಡಳಿತ ಮಂಡಳಿ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅವರು ಇದು ಕಾನೂನುಬಾಹಿರ, ರಾಜಕೀಯ ಪ್ರೇರಿತ ಎಂದು ಹೇಳಿದರು. ನನ್ನ ದೃಷ್ಟಿಯಲ್ಲೂ ಅದು ಅನ್ಯಾಯ. ತರಗತಿಯಲ್ಲಿ ಅವರು ಮಕ್ಕಳ ನಡುವೆ ಭೇದ ಮಾಡಿದರು ಎಂದಿದ್ದರೆ ಮಾತು ಬೇರೆ. ಹನ್ನೆರಡು ವರ್ಷದ ಸೇವೆಯನ್ನು ಒಂದು ಪಲ್ಲೆಯಲ್ಲಿಟ್ಟು ಹೆಬ್ಬೆರಳಿನ ನಾಲ್ಕು ಒತ್ತನ್ನು ಇನ್ನೊಂದು ಪಲ್ಲೆಯಲ್ಲಿಟ್ಟರೆ ಯಾವುದು ತೂಗಬೇಕು?

ಇದನ್ನು ಅನ್ಯಾಯ ಎಂದು ನೀವೆಲ್ಲ ತಲೆ ಆಡಿಸುತ್ತಿದ್ದೀರಿ. ಹಾಗಾದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಬನ್ನಿ. 2023ರ ಮೇ 20ರಂದು ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಅದೇ ಹೊತ್ತಿಗೆ ಅಲ್ಲಿನ ಒಬ್ಬ ಸರ್ಕಾರಿ ಶಾಲಾ ಶಿಕ್ಷಕ, ಯಾವ ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟಾಯಿತು ಎಂದು ಅಂಕಿ ಕೊಟ್ಟು, ಉಚಿತ ಯೋಜನೆಗಳನ್ನು ಟೀಕಿಸಿ ಫೇಸ್‌ಬುಕ್‌ನಲ್ಲಿ ಬರೆದರು. ಅವರನ್ನು ಅಮಾನತು ಮಾಡಲಾಯಿತು. ನಮ್ಮಲ್ಲಿ ಅನೇಕರಿಗೆ ಆ ಸರ್ಕಾರ ಬಂದದ್ದು ಸಂತೋಷ ತಂದಿತ್ತು, ಅದನ್ನು ಬಚ್ಚಿಡುವುದು ಬೇಡ. ಆ ಸಂತೋಷದಲ್ಲಿ ಈ ಮೇಷ್ಟರ ಸುದ್ದಿ ಕಣ್ಣಿಗೆ ಬೀಳಲಿಲ್ಲ. ನಾನು ಅದನ್ನೂ ಅತಿ ಎನ್ನುತ್ತೇನೆ. ನಿಯಮ ಇದೆ, ಸರಿ. ಒಂದು ನೋಟಿಸು, ಒಂದು ಎಚ್ಚರಿಕೆ ಸಾಕಿತ್ತು.

ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವವರು ಆ ನಿಯಮವನ್ನು ತಿಳಿದಿರಬೇಕು. 1966ರ ಹಳೆಯ ನಡತೆ ನಿಯಮಗಳ ಜಾಗದಲ್ಲಿ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು 2021ರಲ್ಲಿ ಜಾರಿಗೆ ಬಂದವು. ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದು ಅದರಡಿ ತಪ್ಪು. ಆದರೆ ನೌಕರನಾದ ಮಾತ್ರಕ್ಕೆ ಬಾಯಿ ಪೂರ್ತಿ ಹೊಲಿದುಕೊಳ್ಳಬೇಕಾಗಿಲ್ಲ. ತ್ರಿಪುರಾದಲ್ಲಿ ಮೀನುಗಾರಿಕೆ ಇಲಾಖೆಯ ಒಬ್ಬ ಮಹಿಳಾ ನೌಕರರನ್ನು, ಒಂದು ರಾಜಕೀಯ ಸಭೆಗೆ ಹೋದರು, ಫೇಸ್‌ಬುಕ್‌ನಲ್ಲಿ ಬರೆದರು ಎಂದು ನಿವೃತ್ತಿಗೆ ಕೆಲವೇ ದಿನ ಇರುವಾಗ ಅಮಾನತು ಮಾಡಿದ್ದರು. 2020ರ ಜನವರಿಯಲ್ಲಿ ಅಲ್ಲಿನ ಮುಖ್ಯ ನ್ಯಾಯಮೂರ್ತಿ ಅಕಿಲ್ ಕುರೇಶಿ ಅವರು, ನಿಯಮಗಳ ಮಿತಿಯೊಳಗೆ ತನ್ನ ನಂಬಿಕೆಯನ್ನು ಹೊಂದುವ, ಹೇಳುವ ಹಕ್ಕು ಸರ್ಕಾರಿ ನೌಕರನಿಗೂ ಇದೆ ಎಂದು ತೀರ್ಪಿತ್ತರು. ಸರ್ಕಾರಿ ನೌಕರನಿಗೆ ಇನ್ನೊಂದು ರಕ್ಷಣೆಯೂ ಇದೆ. ಸಂವಿಧಾನದ 311ನೇ ವಿಧಿಯ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ.

ಖಾಸಗಿ ಕಂಪನಿಯಲ್ಲಿ ಹಾಗಲ್ಲ. ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟಿದೆ, ನನ್ನನ್ನು ತೆಗೆಯುವುದು ಹೇಗೆ ಎಂದು ಕೇಳುವ ಹುಡುಗರಿದ್ದಾರೆ. ಆ ಹಕ್ಕು ಮುಖ್ಯವಾಗಿ ಸರ್ಕಾರ ನಿಮ್ಮ ಬಾಯಿ ಮುಚ್ಚಿಸದಂತೆ ಇರುವ ಗೋಡೆ. ಕಂಪನಿಗೂ ನಿಮಗೂ ನಡುವೆ ಇರುವುದು ನೇಮಕಾತಿ ಪತ್ರ ಎಂಬ ಒಪ್ಪಂದ. ಕಾರ್ಖಾನೆಯ ಕಾರ್ಮಿಕರಿಗೆ 1947ರ ಕೈಗಾರಿಕಾ ವಿವಾದ ಕಾಯ್ದೆಯ ಆಸರೆ ಇತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವನು ವಜಾ ಆದರೆ ಅದನ್ನು ಪ್ರಶ್ನಿಸಬಹುದು. ಮ್ಯಾನೇಜರ್ ಎಂಬ ದೊಡ್ಡ ಹೆಸರಿನ ಹುದ್ದೆಯವನಿಗೆ ಆ ಬಾಗಿಲು ತೆರೆಯುವುದು ಕಷ್ಟ. ಹೆಸರು ದೊಡ್ಡದಾದಷ್ಟೂ ಆಸರೆ ಚಿಕ್ಕದು, ಇದು ವಿಚಿತ್ರವಾದರೂ ನಿಜ.

ಕಂಪನಿ ಯಾಕೆ ಅಷ್ಟು ಬೇಗ ಕೈ ಬಿಡುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. 2018ರ ಏಪ್ರಿಲ್‌ನಲ್ಲಿ ಕಠುವಾದ ಎಂಟು ವರ್ಷದ ಮಗುವಿನ ಕೊಲೆಯನ್ನು ಸಮರ್ಥಿಸಿ ಕೊಚ್ಚಿಯ ಒಬ್ಬ ಬ್ಯಾಂಕ್ ಅಧಿಕಾರಿ ಫೇಸ್‌ಬುಕ್‌ನಲ್ಲಿ ಬರೆದ. ಜನ ಅವನನ್ನು ಬೈಯುವುದರ ಜೊತೆಗೆ ಕೋಟಕ್ ಮಹೀಂದ್ರಾ ಬ್ಯಾಂಕಿನ ಪುಟಕ್ಕೆ ನುಗ್ಗಿದರು. ಅವನನ್ನು ಕೆಲಸದಿಂದ ತೆಗೆದಾಗಿದೆ ಎಂದು ಬ್ಯಾಂಕು ಪ್ರಕಟಿಸಿತು. ಕಾರಣ ಕೇಳಿದರೆ ಕೆಲಸ ಸರಿಯಿಲ್ಲದ್ದಕ್ಕೆ ಎಂದಿತು! ಕಂಪನಿಗೆ ನಿಮ್ಮ ನ್ಯಾಯ ಅನ್ಯಾಯಕ್ಕಿಂತ ಗಿರಾಕಿಯ ಮುಖ ಮುಖ್ಯ. ಗಿರಾಕಿಯ ಕೋಪ ಇಂದು ಸರಿಯಾದ ಕಾರಣಕ್ಕೆ ಬರಬಹುದು, ನಾಳೆ ತಪ್ಪು ಕಾರಣಕ್ಕೂ ಬರಬಹುದು. ಅದಕ್ಕೇ, ಯಾರದಾದರೂ ಪೋಸ್ಟು ಕಂಡ ಕೂಡಲೇ ಅವನ ಕಂಪನಿಯ ಹೆಸರು ಹುಡುಕಿ ನೌಕರಿ ಕೀಳಿಸುವ ಆಟಕ್ಕೆ ಇಳಿಯಬೇಡಿ. ಕೊಲ್ಲಿ, ಸುಡಿ ಎಂದು ಬರೆದಿದ್ದರೆ ಪೊಲೀಸರಿಗೆ ದೂರು ಕೊಡಿ, ಅದು ನಾಗರಿಕನ ಕೆಲಸ. ಬರೀ ಒರಟು ಮಾತಾಗಿದ್ದರೆ, ಪರಿಚಯದವನಾಗಿದ್ದರೆ, ಒಂದು ಫೋನ್ ಮಾಡಿ. ಅಣ್ಣಾ, ಇದು ನಮಗೆ ನೋವಾಯಿತು ಎನ್ನಿ. ಅಳಿಸುವವರೇ ಹೆಚ್ಚು. ವಿರೂಪಾಕ್ಷಿಪುರದಂಥ ಊರಿನಲ್ಲಿ ಎಲ್ಲರ ಫೋನ್ ನಂಬರೂ ಎಲ್ಲರಲ್ಲೂ ಇರುತ್ತದೆ.

ಇನ್ನು ನಿಮ್ಮ ಮೊಬೈಲಿನ ವಿಷಯ. ನಮ್ಮ ಮನೆಗಳಲ್ಲಿ ಮೊಬೈಲು ಒಬ್ಬರದಲ್ಲ. ತಮ್ಮ ಆಟ ಆಡುತ್ತಾನೆ, ಮಾವನ ಮಗ ಸ್ಟೇಟಸ್ ಹಾಕುತ್ತಾನೆ. ನೌಕರಿಗೆ ಸೇರಿದ ಮೇಲೆ ನಿಮ್ಮ ಖಾತೆಗೆ ಬೀಗ ಇರಲಿ. ಖಾತೆಯಲ್ಲಿ ಕಂಪನಿಯ ಹೆಸರು ಹಾಕಿಕೊಂಡು ರಾಜಕೀಯ ಬರೆಯಬೇಡಿ, ಸಮವಸ್ತ್ರದಲ್ಲಿ, ಐ.ಡಿ. ಕಾರ್ಡಿನ ಜೊತೆ ತೆಗೆದ ಫೋಟೋ ಹಾಕಬೇಡಿ. ಸ್ಟೇಟಸ್ 24 ಗಂಟೆಗೆ ಅಳಿದುಹೋಗುತ್ತದೆ ಎಂದು ನಂಬಬೇಡಿ, ಸ್ಕ್ರೀನ್‌ಶಾಟ್‌ಗೆ ಸಾವಿಲ್ಲ. ಹಾಗೆಂದು ನಾನು ನಿಮ್ಮನ್ನು ಮೂಕರಾಗಿ ಎನ್ನುತ್ತಿಲ್ಲ. ಓದಿದ ಮಕ್ಕಳು ಮಾತಾಡದಿದ್ದರೆ ಈ ಸಂಘ ಯಾಕೆ ಬೇಕಿತ್ತು? ರಸ್ತೆ ಕೆಟ್ಟಿದೆ ಎಂದು ಬರೆಯಿರಿ, ವಿದ್ಯಾರ್ಥಿವೇತನ ಬಂದಿಲ್ಲ ಎಂದು ಬರೆಯಿರಿ, ಸರ್ಕಾರದ ನೀತಿ ತಪ್ಪು ಎನಿಸಿದರೆ ಕಾರಣ ಕೊಟ್ಟು ಬರೆಯಿರಿ. ನಿಮ್ಮ ಹೆಸರು ಹಾಕಿ ಬರೆಯಿರಿ. ಊರಿನ ಚಾವಡಿಯಲ್ಲಿ ಎಲ್ಲ ಜಾತಿಯ ಹಿರಿಯರ ಮುಂದೆ ನಿಂತು ಹೇಳಲು ಆಗದ ಮಾತನ್ನು ಮಾತ್ರ ಮೊಬೈಲಿನಲ್ಲೂ ಹೇಳಬೇಡಿ.

ಕೊನೆಯದಾಗಿ ಒಂದು ಕೆಲಸದ ಮಾತು. ನೌಕರಿಗೆ ಸೇರಿದ ನಮ್ಮ ಹುಡುಗರಲ್ಲಿ ಅನೇಕರು ನೇಮಕಾತಿ ಪತ್ರದಲ್ಲಿ ಸಂಬಳದ ಸಾಲನ್ನು ಬಿಟ್ಟು ಬೇರೇನನ್ನೂ ಓದಿರುವುದಿಲ್ಲ. ನೀತಿ ಸಂಹಿತೆ, ಸಾಮಾಜಿಕ ಜಾಲತಾಣ ನೀತಿ ಎಂಬ ಪುಟಗಳು ಅದರ ಹಿಂದೆಯೇ ಇರುತ್ತವೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಪ್ರತಿ ಪುಟದ ಕೆಳಗೆ ಸಹಿ ಮಾತ್ರ ನಿಮ್ಮದು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಕಚೇರಿಯಲ್ಲಿ ನಾನು ಕುಳಿತಿರುತ್ತೇನೆ. ಪತ್ರ ಇದ್ದವರು ಅದರ ಜೆರಾಕ್ಸ್ ತನ್ನಿ, ಇಲ್ಲದವರು ಅಣ್ಣನದೋ ಭಾವನದೋ ತನ್ನಿ. ಒಂದೊಂದೇ ಸಾಲು ಕನ್ನಡದಲ್ಲಿ ಬಿಡಿಸಿ ಓದೋಣ. ತಾಯಂದಿರೂ ಬರಬಹುದು.